ಹನ್ನೊಂದು ಮಿಲಿಮೀಟರ್

ಎಡಮಗ್ಗಲಾಗಿ ಮಲಗ್ರಿ ಚಾಚಾ. ಉಸಿರು ಬಿಡ್ರಿ. ಹಾಂ, ಅಲ್ಲೇ ಹಿಡೀರಿ.

ಜೆಲ್ಲು ಹಚ್ಚಿದರೆ ಲಾಡ್ಲೇಸಾಬ ನಗುತ್ತಾರೆ:
ಕಲಬುರಗಿಯ ಮೇ ತಿಂಗಳಲ್ಲಿ ತಣ್ಣಗಿರೋದು ಇದೊಂದೇ, ಇನ್ನಷ್ಟು ಹಚ್ಚು.
ಮೂವತ್ತೆಂಟು ವರ್ಷ ದಾಲ್ ಮಿಲ್ಲಿನ ಫಿಟ್ಟರು.
ಅಂಗಿ ಬಿಚ್ಚಿದರೆ ಈಗಲೂ ತೊಗರಿಹೊಟ್ಟಿನ ವಾಸನೆ.

ಪರದೆಯ ಮೇಲೆ ಹೊಸ ಕವಾಟ,
ತೊಡೆಯ ಧಮನಿ ಹಿಡಿದು ಏರಿಬಂದು
ಸುಣ್ಣಗಟ್ಟಿದ ಹಳೇ ಬಾಗಿಲನ್ನು ಗೋಡೆಗೊತ್ತಿ ಕೂತದ್ದು.
ತೆರೆಯುತ್ತದೆ, ಮುಚ್ಚುತ್ತದೆ, ಸೋರಿಕೆಯಿಲ್ಲ.
ಡಾಕ್ಟರು ಇಷ್ಟು ನೋಡಿ ಹೆಬ್ಬೆರಳೆತ್ತಿ ಹೋದರು.
ಎಲ್ಲರೂ ಎಡಕ್ಕೇ ನೋಡುತ್ತಾರೆ.
ದಪ್ಪ ಗೋಡೆ, ದೊಡ್ಡ ದನಿ,
ಎದೆಯೆಂದರೆ ಅದೇ ಎಂಬಂತೆ.

ನಾನು ಪ್ರೋಬನ್ನು ತುಸು ತಿರುಗಿಸುತ್ತೇನೆ.
ಬಲಗಡೆ
ತೆಳ್ಳನೆ ಮೈಯವನು, ಬಾಗಿದ ಬೆನ್ನು,
ಊರೆಲ್ಲ ಸುತ್ತಿ ದಣಿದ ರಕ್ತವನ್ನು
ಪಕ್ಕದ ಶ್ವಾಸಕೋಶದ ತನಕ ದಾಟಿಸುವವನು.
ಹಗುರ ಕೆಲಸಕ್ಕೆಂದೇ ಹುಟ್ಟಿದವನು.
ಮುಂದಿನ ಬಾಗಿಲು ಬಿಗಿದಿದ್ದ ಅಷ್ಟೂ ವರ್ಷ
ಹಿಂದಕ್ಕೆ ಒತ್ತಿಬಂದ ಭಾರಕ್ಕೆ ಹೆಗಲು ಕೊಟ್ಟು
ಉಬ್ಬಿದ್ದಾನೆ.
ಪ್ರತಿ ಬಡಿತಕ್ಕೆ ಹದಿನೇಳಾದರೂ ಇಳಿಯಬೇಕು.
ಅಳೆದೆ. ಹನ್ನೊಂದು.
ಮತ್ತೆ ಅಳೆದೆ.

ಫೆಬ್ರವರಿಯಲ್ಲಿ, ಆಪರೇಷನ್ನಿನ ಮುಂಚೆ, ಹನ್ನೆರಡು ಅಂತ ಬರೆದಿದ್ದೆ
ರಿಪೋರ್ಟಿನ ಎರಡನೇ ಹಾಳೆಯಲ್ಲಿ, ಕೆಳಗೆ, ಸಹಿಗೆ ತಾಗಿ.
ಯಾರು ಓದುತ್ತಾರೆ ಎರಡನೇ ಹಾಳೆ?

"ಏನ್ ನೋಡ್ಲಾಕತ್ತಿ ಬೇಟಿ, ಇಷ್ಟೊತ್ತು?
ವಾಲ್ ಹೊಸದು ಹಾಕ್ಯಾರ ಖರೆ, ದಮ್ಮು ತಿರುಗಿ ಬಂದಿಲ್ಲ.
ಸಂಜಿಕ ಕಾಲು ಬಾತು, ಚಪ್ಪಲಿ ಪಟ್ಟಿ ಎರಡು ತೂತು ಮುಂದ ಹೋಗ್ಯಾದ.
ಮಿಲ್ಲಿನಾಗ ಒಮ್ಮೆ ಹಿಂಗೇ ಆಗಿತ್ತು.
ಸೇಠ ಸೊಲ್ಲಾಪುರದಿಂದ ಹೊಸ ಜಾಲರಿ ತಂದ, ಬೆಳ್ಳಿಹಂಗ ಹೊಳೀತಿತ್ತು.
ಬೇಳಿ ಬೀಳಲಿಲ್ಲ. ಎಲ್ಲಾರೂ ಜಾಲರಿಗಿ ಬೈದ್ರು.
ಹಿಂದ, ಕತ್ತಲದಾಗ, ಕಾಳು ಎತ್ತಿಕೊಡೋ ಪಟ್ಟಾ ಇರ್ತದಲ್ಲ,
ಅದು ಸವದಿತ್ತು."

ಜೆಲ್ಲು ಒರೆಸುತ್ತ ಕೇಳಿದೆ: ನಿಮಗ ಮೊದಲೇ ಗೊತ್ತಿತ್ತೇನ್ರಿ?
"ಸಪ್ಪಳಾ ಬದಲಾಗಿತ್ತು. ಒಮ್ಮೆ ಅಂದಿದ್ದೆ.
ಎರಡನೇ ಸಲ ಅನಲಿಲ್ಲ."

ಆ ಸಾಲನ್ನು ಮೊದಲನೇ ಹಾಳೆಗೆ ತಂದೆ, ಕವಾಟಕ್ಕಿಂತ ಮೇಲೆ.
ನಾನೇ ಒಯ್ದು ಕೊಡಬೇಕು, ಡಾಕ್ಟರು ಊಟಕ್ಕೇಳುವ ಮುಂಚೆ.

ಪಟ್ಟಾಕ್ಕ ಏನ್ ಮಾಡಿದ್ರಿ ಮತ್ತ?
ಅವರು ಬಗ್ಗಿ ಚಪ್ಪಲಿಯ ಬಕ್ಕಲು ಹಾಕುತ್ತಿದ್ದರು, ಕೊನೆಯ ತೂತಿಗೆ.
"ಏನ್ ಮಾಡೋದು. ಹೊಸದು ಬರೋತನಕ
ಕಾಳು ಕಡಿಮಿ ಹಾಕಿ
ಮೆಲ್ಲಕ ನಡಿಸಿದ್ವಿ."