ಗಂಬೂಟು

ಮಂಗಳವಾರ ಹುದಿಕೇರಿ ಹತ್ತಿರದ ಕೊಟ್ಟಿಗೆಯೊಂದರಲ್ಲಿ
ಸತ್ತ ಹಂದಿಯ ಗುಲ್ಮ ಕೊಯ್ದೆ.
ಊದಿತ್ತು. ಮುಟ್ಟಿದರೆ ಪುಡಿ.
ಹಳೆಯ ಕಾಚಂಪುಳಿಯ ಬಣ್ಣ.
ಬುಧವಾರ ಬಾಳೆಲೆ ದಾರಿಯಲ್ಲಿ
ದೇಚವ್ವನ ಹಂದಿಗಳಿಗೆ ಜಂತುಹುಳದ ಔಷಧಿ ಕುಡಿಸಿದೆ.
ನಡುವೆ ಬೂಟು ತೊಳೆದೆ.
ತೊಳೆದೆ ಅಂತಲೇ ನೆನಪು.
ಜೀಪಿನಲ್ಲಿ ಬ್ರಶ್ಶಿರಲಿಲ್ಲ, ಒಂದು ಬಾಟಲಿ ನೀರಿತ್ತು.

ಹನ್ನೊಂದನೆಯ ದಿನ ಫೋನು:
"ಡಾಕ್ಟ್ರೇ, ಕಿವಿ ನೀಲಿಯಾಗಿದೆ."

ಇದು ಮನುಷ್ಯರಿಗೆ ಬರುವುದಿಲ್ಲ
ಎಂದು ಮೂರು ಸಲ ಹೇಳಿದೆ.
ಅವಳು ಕೇಳಿದ್ದು ಅದನ್ನಲ್ಲ.
"ಎಲ್ಲಿಂದ ಬಂತು?"

ಎಲ್ಲಿಂದ ಎಂದರೆ ಏನು ಹೇಳಲಿ.
ಆಫ್ರಿಕದ ಬಿಲಗಳಲ್ಲಿ ಕಾಡುಹಂದಿಗೂ ಉಣುಗಿಗೂ
ಹಳೆಯದೊಂದು ಒಪ್ಪಂದವಿತ್ತು, ಯಾರೂ ಸಾಯುತ್ತಿರಲಿಲ್ಲ.
ಆಮೇಲೆ ಹಡಗಿನ ಅಡುಗೆಮನೆಯ ಎಂಜಲಲ್ಲಿ,
ಒಣಗಿಸಿದ ಮಾಂಸದ ನಾರಿನಲ್ಲಿ
ತಿಂಗಳುಗಟ್ಟಲೆ ಉಸಿರು ಹಿಡಿದು ಬಂತು.
ಉಸಿರಿಲ್ಲ ಅದಕ್ಕೆ, ತಪ್ಪು ಹೇಳಿದೆ.
ಇರುವುದು ಅಕ್ಷರ. ನಾಲ್ಕೇ ನಾಲ್ಕು.
ಅವನ್ನೇ ತಿರುತಿರುಗಿಸಿ
ಹೆಚ್ಚುಕಡಿಮೆ ಒಂದು ಲಕ್ಷ ತೊಂಬತ್ತು ಸಾವಿರ.

ಜಮ್ಮಾ ಪಹಣಿಯ ಲೆಕ್ಕದಲ್ಲಿ ಹೇಳಿ ನೋಡಿದೆ:
ನಿಮ್ಮ ಗದ್ದೆಯ ಕಾಗದದಲ್ಲಿ ಇನ್ನೂ ಮುತ್ತಜ್ಜನೇ ಇದ್ದಾನಲ್ಲ,
ಪಟ್ಟೇದಾರ ಸತ್ತು ಎಂಬತ್ತು ವರ್ಷವಾದರೂ?
ಇದೂ ಹಾಗೆ. ಹಳೆಯ ಹೆಸರು ಬಿಡದೆ ನಕಲು ಇಳಿಸುತ್ತದೆ.
ಎಂದೋ ಒಮ್ಮೆ ಶಾನುಭೋಗನ ಕೈ ನಡುಗಿ
ಒಂದಕ್ಷರ ಆಚೀಚೆ.
ಆ ತಪ್ಪು ಮಕ್ಕಳಿಗೆ, ಮೊಮ್ಮಕ್ಕಳಿಗೆ.
ತಪ್ಪುಗಳ ಬಾಲ ಹಿಡಿದು ಹಿಂದೆ ಹಿಂದೆ ಹೋದರೆ
ಯಾವ ಮನೆಯಿಂದ ಯಾವ ಮನೆಗೆ ಎಂದು ತಿಳಿಯುತ್ತದೆ.
"ಅದಕ್ಕೂ ಒಕ್ಕ ಇದೆಯಾ?"
ಇದೆ. ಹೆಸರಿಲ್ಲ, ನಂಬರು.

ಸುತ್ತ ಒಂದು ಕಿಲೋಮೀಟರು.
ನಕ್ಷೆಗೆ ಕಂಪಾಸಿನ ಮುಳ್ಳು ಊರಿ ನಾನೇ ಎಳೆದ ವೃತ್ತ.
ಒಳಗೆ ಇಪ್ಪತ್ತೇಳು, ಕಾಯಿಲೆಯವು ಆರು.
ಉಳಿದವು ನನ್ನನ್ನು ಕಂಡು ಮೂತಿ ಎತ್ತಿದವು;
ಬಕೆಟ್ಟು ಹಿಡಿದವರೆಲ್ಲ ಅವಕ್ಕೆ ಊಟ.
ಜೇಸೀಬಿಯ ಸೆಲ್ವಕುಮಾರ
ಕಾಫಿ ಗಿಡದ ಬೇರು ತಪ್ಪಿಸಿ ತಪ್ಪಿಸಿ ಗುಂಡಿ ತೋಡಿದ.
ಚಾತ ಸುಣ್ಣ ಸುರಿದ, ಪದರಕ್ಕೊಂದು ಮೂಟೆ.
ಕೊನೆಯದು ಗಬ್ಬದ್ದು. ಎರಡು ಸೂಜಿ ಬೇಕಾಯಿತು.
ಪರಿಹಾರದ ಫಾರಮ್ಮಿನಲ್ಲಿ ಒಂದು ಎಂದೇ ಬರೆದೆ.
ಹೊಟ್ಟೆಯೊಳಗಿನವಕ್ಕೆ ಕಾಲಂ ಇಲ್ಲ.

ಕೈಲ್ ಪೊಳ್ದಿಗೆ ಆಗ ಒಂಬತ್ತು ದಿನ.
ಕೋವಿಗೆ ತೋಕ್ ಪೂ ಮುಡಿಸಿದ್ದಾಯಿತು.
ಕಾರಣವರಿಗೆ ಮೀದಿ ಇಡುವಾಗ
ಎಲೆಯ ಮೇಲೆ ಪಂದಿಕರಿಯ ಜಾಗ ಖಾಲಿ ಬಿಟ್ಟಳಂತೆ.
ಕೋಳಿಯನ್ನು ಈಚೆ ಸರಿಸಲಿಲ್ಲ.
"ಅವರಿಗೂ ಗೊತ್ತಾಗಬೇಕಲ್ಲ."

ಭೋಪಾಲಿನಿಂದ ವರದಿ ಬಂತು.
ಹುದಿಕೇರಿಯದನ್ನೂ ಬಾಳೆಲೆಯದನ್ನೂ
ಒಂದರ ಕೆಳಗೊಂದು ಮಲಗಿಸಿದ್ದಾರೆ.
ರಾತ್ರಿ ಎರಡರವರೆಗೆ ಬೆರಳಿಟ್ಟು ನೋಡಿದೆ.
ಒಂದಕ್ಷರವೂ ಬೇರೆಯಿಲ್ಲ.

ಹಾಗಾದರೆ ನನ್ನ ಬೂಟು.

ಆದರೆ ಇದು ನಿಧಾನದ ಜಾತಿ.
ನೆಗಡಿಯ ವೈರಸ್ಸಿನಂತೆ ಅವಸರದಲ್ಲಿ ಗೀಚುವುದಿಲ್ಲ.
ವರ್ಷಗಳ ಅಂತರದಲ್ಲಿ, ಎಲ್ಲೋ ದೂರದ ಊರಲ್ಲಿ ಸಿಕ್ಕಿದ್ದೂ
ಹೆಚ್ಚುಕಡಿಮೆ ಇದೇ ಇರಬಹುದು.
ಪಕ್ಕದ ಹೋಮ್‌ಸ್ಟೇಯ ಎಂಜಲು ಬಕೆಟ್ಟಿನಲ್ಲಿ
ಶನಿವಾರದ ಅತಿಥಿ ಕಚ್ಚಿ ಬಿಟ್ಟ ಸಾಸೇಜೂ ಇರಬಹುದು.
ಒಂದೇ ಒಂದು ತಪ್ಪು ಮಾಡಿದ್ದರೆ
ನನ್ನನ್ನು ಹಿಡಿದುಕೊಡುತ್ತಿತ್ತು, ಇಲ್ಲವೇ ಬಿಡಿಸುತ್ತಿತ್ತು.
ಇಷ್ಟು ಶುದ್ಧವಾಗಿ ಬರೆಯುವವನ ಹತ್ತಿರ
ಸಾಕ್ಷಿ ಕೇಳುವುದು ಹೇಗೆ.

ವರದಿ ಹಿಡಿದು ದೇಚವ್ವನ ಮನೆಗೆ ಹೋದೆ,
ಏನು ಓದಿ ಹೇಳುವುದೆಂದು ತಿಳಿಯದೆ.
ಗೇಟಿನ ಬಳಿ ಹಳೆಯ ಬಾಣಲೆ, ಅದರ ತುಂಬ ಸುಣ್ಣದ ನೀರು.
"ಕಾಲು ಅದ್ದಿ ಬನ್ನಿ" ಎಂದಳು,
ಹಾಲಿನವನಿಗೂ ಹೇಳುವ ದನಿಯಲ್ಲೇ.
ಕೊಟ್ಟಿಗೆ ಖಾಲಿ. ಕಾಯುವುದಕ್ಕೆ ಏನೂ ಇಲ್ಲ.
ಎಡಗಾಲು ಅದ್ದಿದೆ. ಬಲಗಾಲು.
ಹೊರಡುವಾಗ, ಯಾರೂ ಹೇಳದಿದ್ದರೂ,
ಇನ್ನೊಮ್ಮೆ.