ಹಲ್ಲಿನ ಲೆಕ್ಕ

ಚೆವಿಯಟ್ ಗುಡ್ಡದ ತಪ್ಪಲು, ಜನವರಿ.
ನೆಲ ಕಲ್ಲು; ನೆಲದೊಳಗಿನ ಟರ್ನಿಪ್ಪೂ ಕಲ್ಲು.
ಸೊಪ್ಪು ಹಿಡಿದು ಜಗ್ಗು,
ಕುಡುಗೋಲಿಂದ ಬೇರು ಕೊಯ್ಯಿ, ಜುಟ್ಟು ಕೊಯ್ಯಿ,
ಎಸೆ. ಮತ್ತೆ ಬಗ್ಗು.
ಕೂಲಿ ಕೊಡೋದು ಬೆನ್ನಿಗೆ, ಅನ್ನೋಳು ಅಮ್ಮ;
ಅವಳಿಗೂ ಇದೇ ಸಾಲು, ಸೊಂಟಕ್ಕೆ ಇದೇ ಗೋಣಿತಟ್ಟು.

ಬಲೆಯಾಚೆ ಮುನ್ನೂರು ಕುರಿ.
ದಿನಕ್ಕೊಂದು ಪಟ್ಟಿ ಹೊಲ ಅವಕ್ಕೆ.
ಗೂಟ ಕಿತ್ತು ಬಲೆ ಮುಂದೆ ಸರಿಸಿದ್ದೇ ತಡ
ಕಟಕಟ ಕಟಕಟ,
ಊರಿಗೆ ಊರೇ ಕಡಲೆ ಅಗಿದ ಹಾಗೆ.
ತಿಂದುಳಿದ ಅರ್ಧ ಗಡ್ಡೆ ನೆಲದಲ್ಲೇ ಬಟ್ಟಲು;
ಬೆಳಿಗ್ಗೆ ಬಟ್ಟಲಿಗೊಂದು ಗಾಜಿನ ಮುಚ್ಚಳ.
ಅದನ್ನೂ ಕೊಕ್ಕೆ ಹಾಕಿ ಎಬ್ಬಿಸಬೇಕು,
ಯಜಮಾನ ಬಿಡುವವನಲ್ಲ.

ಕುರಿಗಾಹಿ ಟೆಲ್ಫರ್ ಹೆಬ್ಬೆರಳಿಂದ ತುಟಿ ಸರಿಸಿ ನೋಡುತ್ತಾನೆ:
ಎರಡಲ್ಲು. ನಾಲ್ಕಲ್ಲು. ಆರಲ್ಲು. ಬಾಯ್ಗೂಡಿದ್ದು.
ಆಮೇಲೆ ಮೆಲ್ಲಗೆ, ಬಾಯಿ ಮುರಿದಿದೆ.
ಬೆನ್ನ ಮೇಲೆ ಕೆಂಪು ಗೆರೆ. ಸೋಮವಾರ ಸಂತೆ.

ಸೀಳುಗಿವಿಯವಳಿಗೂ ಎಳೆದ.
ಏಳು ವರ್ಷ, ಹನ್ನೊಂದು ಮರಿ,
ಒಂದನ್ನೂ ಒದ್ದು ದೂಡಿದವಳಲ್ಲ.
ಗಡ್ಡೆಗೆ ಮೂತಿ ಒತ್ತುತ್ತಾಳೆ, ವಸಡು ಜಾರುತ್ತದೆ,
ನೇರಳೆ ಸಿಪ್ಪೆಯ ಮೇಲೆ ಜೊಲ್ಲಿನ ಹೊಳಪಷ್ಟೇ.

ಕೊಟ್ಟಿಗೆಯಲ್ಲಿ ಗಡ್ಡೆ ಹೆಚ್ಚುವ ಯಂತ್ರವಿದೆ.
ಹಿಡಿ ತಿರುಗಿಸಿದರೆ ಬೆರಳುಗಾತ್ರದ ಹೋಳು,
ಹಾಲುಹಲ್ಲು ಉದುರಿದ ಎಳೆಯವಕ್ಕೆ ಮಾತ್ರ.
ಅವಕ್ಕೆ ಮತ್ತೆ ಹುಟ್ಟುತ್ತವಲ್ಲ.
ಕತ್ತಲಾದ ಮೇಲೆ ನಾಲ್ಕು ಬೊಗಸೆ ಗೋಣಿತಟ್ಟಲ್ಲಿ ಕಟ್ಟಿ
ಬಲೆ ದಾಟಿದೆ. ಗುರುವಾರ, ಶುಕ್ರವಾರ, ಶನಿವಾರವೂ.
ಕೈಯಿಂದಲೇ ತಿಂದಳು. ಅಂಗೈಗೆ ಬಿಸಿ ಉಸಿರು;
ಚಳಿಗೆ ಒಡೆದ ಬೆರಳ ಸಂದಿಯಲ್ಲಿ
ಸಿಹಿ ರಸ ಉರಿಯಿತು.

ಭಾನುವಾರ ಯಂತ್ರದ ಬಳಿ ಟೆಲ್ಫರ್,
ಲಾಂದ್ರ ನೆಲಕ್ಕಿಟ್ಟು
ಅಲಗಿನ ತಿರುಪು ಬಿಗಿ ಮಾಡುತ್ತಿದ್ದ.
ನನ್ನ ಕಡೆ ನೋಡಲಿಲ್ಲ.
ಹೋಳು ತೀರ ದಪ್ಪ ಬೀಳ್ತಿತ್ತು, ಎಫಿ, ಅಂದ,
ಮುದುಕಿಗೆ ಇನ್ನೂ ತೆಳ್ಳಗಿರಬೇಕು.
ಅವನಿಗೂ ಮುಂದಿನ ಹಲ್ಲು ಮೂರೇ.

ಸೋಮವಾರ ಗಾಡಿ ಹೊರಟಿತು, ಒಂದು ಕಡಿಮೆ.
ಆ ಕೆಂಪು ಮಾತ್ರ ಹೋಗದು;
ಮಾರ್ಚ್ ಹಿಮದಲ್ಲೂ ಅರ್ಧ ಮೈಲಿಯಿಂದ ಕಾಣುತ್ತಿತ್ತು.
ಅದೇನು ಅಂತ ಯಜಮಾನ ಬೆರಳು ಮಾಡಿದಾಗ
ಪಕ್ಕದವಳ ಬಣ್ಣ ಉಜ್ಜಿಕೊಂಡಿದ್ದಾಳೆ, ಸ್ವಾಮಿ,
ಅಂದ ಟೆಲ್ಫರ್, ತುಟಿ ಹೆಚ್ಚು ಬಿಚ್ಚದೆ.