ರಿವರ್ಸ್

ಗಾಡಿಕೊಪ್ಪದ ಶೆಡ್ಡಿನಲ್ಲಿ ಜೆರೋಮಣ್ಣ ಬೆಸೆದುಕೊಟ್ಟ
ಎರಡು ಚಕ್ರದ ಕೋಣೆ.
ಒಳಗೊಂದು ಮಡಚುಮಂಚ, ಅಂಗೈಯಗಲದ ಸಿಂಕು,
ಎಷ್ಟು ಒರೆಸಿದರೂ ಹೋಗದ ಪೇಂಟಿನ ವಾಸನೆ.

ಆಯನೂರು ದಾಟುವಾಗ ಇನ್ನೂ ಮಂಜು.
ಪ್ರತಿ ಹಂಪಿನಲ್ಲೂ ಹಿಂದಿನಿಂದ ಚಮಚಗಳ ದೂರು.
‘ಗ್ಯಾಸ್ ಆಫ್ ಮಾಡಿದಿರಲ್ಲ?’ ಶಾಂಭವಿ, ಮೂರನೇ ಸಲ.
‘ಯಾವುದು? ಮನೆಯದೋ, ಇದರದೋ?’
ಇಬ್ಬರಿಗೂ ನೆನಪಿಲ್ಲ.

ಆನಂದಪುರದಾಚೆ, ಯಾರೋ ಹೇಳಿದ ಕೆರೆ ಹುಡುಕುತ್ತ
ಮಣ್ಣುದಾರಿಗೆ ಇಳಿದೆವು.
ಭೂಮಿ ಹುಣ್ಣಿಮೆಯ ಮರುದಿನ;
ಹಾಲುಗಟ್ಟಿದ ಭತ್ತದ ನಡುವೆ
ನಿನ್ನೆ ನೆಟ್ಟ ಬಾಳೆಕಂದು ಆಗಲೇ ಜೋಲುತ್ತಿತ್ತು.
ಎದುರಿಗೆ ಟ್ರ್ಯಾಕ್ಟರು.
ಒಬ್ಬರು ಹಿಂದೆ ಸರಿಯಬೇಕು.

ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ,
ಬಲಕ್ಕೆ ತಿರುಗಿಸಿದರೆ ಗದ್ದೆಗೇ.
ಕ್ಲಚ್ಚು ಸುಟ್ಟ ವಾಸನೆ.
ಶಾಂಭವಿ ಏನೂ ಅನ್ನಲಿಲ್ಲ;
ಅಂದಿದ್ದರೆ ವಾಸಿಯಿತ್ತು.

ಟ್ರ್ಯಾಕ್ಟರಿನಿಂದ ಧುಮುಕಿ ಬಂದವಳು
ಮೊಣಕಾಲವರೆಗೆ ಕೆಸರಿನ ಹುಡುಗಿ.
‘ಸ್ಟೇರಿಂಗ್ ಅಡಿಗೆ ಹಿಡ್ಕಳಿ ಸಾರ್,
ಮೇಲೆ ಅಲ್ಲ.
ಕೈ ಹೋದ ಬದಿಗೇ ಅದೂ ಹೋಗ್ತದೆ.’

ಹೋಯಿತು.
ಇಪ್ಪತ್ತು ವರ್ಷ ಲೈಸೆನ್ಸ್ ಇಟ್ಟುಕೊಂಡವನು
ಮೊದಲ ಸಲ ಕಲಿತವನಂತೆ ಬೆವೆತೆ.

ರಾತ್ರಿ, ಕೆರೆಯ ಏರಿ ಪಕ್ಕ,
ಕಲ್ಲು ಕೊಟ್ಟರೂ ಸ್ವಲ್ಪ ವಾರೆಯಾಗಿ ನಿಂತಿದೆ ಕೋಣೆ.
ಚಳಿ ಶುರುವಾಗಿತ್ತು. ಶಾಂಭವಿ ಚಹಾ ಚಾಚಿದಳು.
ಯೋಚಿಸದೆ ಲೋಟದ ತಳಕ್ಕೇ ಕೈ ಕೊಟ್ಟೆ.
ಸುಟ್ಟಿತು.
ಆಗ ನಕ್ಕಳು.